ಮೂರು ಬೆರಳು ತಗ್ಗು

ಸುರಪುರದ ರಂಗಂಪೇಟೆಯಲ್ಲಿ ನಳದ ಚಾಂದಪಾಶಾನ ಮನೆ ಯಾವುದೆಂದು ಕೇಳಿದರೆ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡವರೂ ಕೈಮಾಡಿ ತೋರಿಸುತ್ತಾರೆ. ಊರಿನ ಅರ್ಧ ಮನೆಗಳ ಗೋಡೆಯೊಳಗೆ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ಹೊರಳುತ್ತದೆ ಎಂಬುದು ಆ ಮನೆಯ ಯಜಮಾನರಿಗಿಂತ ಅವನಿಗೇ ಹೆಚ್ಚು ಗೊತ್ತು. ಬಾಗಿಲಲ್ಲಿ ನಿಂತು ಒಮ್ಮೆ ಮೂಗೆಳೆದನೆಂದರೆ ಸೋರುವ ಮೂಲೆ ಯಾವುದೆಂದು ಹೇಳಿಬಿಡುವ ಆಸಾಮಿ. ಅಂಥವನ ಮನೆಯ ಪಾಯಖಾನೆಯೇ ಸೋರಿತು. ಅದೂ ಅವನ ಹೆಂಡತಿ ಹಬೀಬಾ ಸೊಂಟದ ಎಲುಬು ಮುರಿದುಕೊಂಡು ಬಂದ ವರ್ಷ.

ಹಬೀಬಾಳದೂ ಓಣಿಯಲ್ಲಿ ಒಂದು ಕೆಲಸವಿತ್ತು. ಯಾರ ಮನೆಯಲ್ಲಾದರೂ ಹೆಣ್ಣು ಜೀವ ಹೋದರೆ ಮೊದಲು ಕರೆ ಬರುತ್ತಿದ್ದುದು ಅವಳಿಗೆ. ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವುದು, ಅವರ ಮಾತಿನಲ್ಲಿ ಗುಸ್ಲು ಕೊಡುವುದು, ಅವಳ ಪಾಲಿಗೆ ಬಂದಿತ್ತು. ಹಸಿ ಬಾಣಂತಿಯನ್ನು ತೊಳೆದಿದ್ದಳು, ಹಲ್ಲುದುರಿದ ಮುದುಕಿಯರನ್ನು ತೊಳೆದಿದ್ದಳು. ಎಂಥ ಹೆಣವಾದರೂ ಮೈಮೇಲಿನ ಬಟ್ಟೆ ಸರಿಯದಂತೆ, ಬಲಗಡೆಯಿಂದ ಮೊದಲು ಮಾಡಿ, ಬದುಕಿದ್ದವರಿಗೆ ಮಾಡಿಸಿದಷ್ಟೇ ಮೆಲ್ಲಗೆ ನೀರು ಹಾಕುತ್ತಿದ್ದಳು. ಹೀಗೆ ಸತ್ತವರ ಲಾಜು, ಎಂದರೆ ಮಾನ, ಕಾಯ್ದವಳಿಗೆ ತನ್ನ ಲಾಜಿನ ಚಿಂತೆ ತುಸು ಹೆಚ್ಚೇ ಇತ್ತು. ಮೈ ಬಟ್ಟೆ ಪಾಕಾಗಿರಬೇಕು, ಒಂದು ಹನಿ ಹೊಲಸು ತಾಗಿದರೂ ನಮಾಜಿಗೆ ನಿಲ್ಲುತ್ತಿರಲಿಲ್ಲ.

ಇಂಥವಳು ಚಳಿಗಾಲದ ಒಂದು ಬೆಳಗು ಪಾಯಖಾನೆಯ ಹಳೆಯ ಕುಣಿಯ ಮೇಲಿಂದ ಏಳಲು ಹೋಗಿ ನೆಲಕ್ಕೆ ಹಾಸಿದ್ದ ನುಣ್ಣಗಿನ ಪರಸಿಕಲ್ಲಿನ ಮೇಲೆ ಜಾರಿ ಬಿದ್ದಳು. ಕಲಬುರಗಿಯ ದವಾಖಾನೆಯಲ್ಲಿ ಸೊಂಟಕ್ಕೆ ರಾಡು ಹಾಕಿದರು. ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕುರ್ಚಿಯಂಥ ಕಮೋಡು ಕೂಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಹೇಗೋ ಎಂದು ಸೊಸೆ ಉಮೆಸಲ್ಮಾ ಮಂಚದ ಬದಿಗೆ ಪಾತ್ರೆ ಹಿಡಿದು ನಿಂತಾಗ ಹಬೀಬಾ ಮುಖ ಆ ಕಡೆ ತಿರುಗಿಸಿ ಗಂಡನಿಗೆ ಹೇಳಿದಳು:

"ಸತ್ತ ಮ್ಯಾಲ ಮಂದಿ ತೊಳೀಲಿ, ಬ್ಯಾಡ ಅನ್ನಾಂಗಿಲ್ಲ. ಜೀವ ಇರೋತನಕ ನನ್ನ ನಾನೇ ತೊಳ್ಕೋತೀನಿ. ಅಷ್ಟು ಮಾಡಿಕೊಡ್ರಿ."

ಚಾಂದಪಾಶಾ ಆಗಲೆಂದ. ಊರಿಗೆಲ್ಲ ಕಮೋಡು ಕೂಡಿಸಿದವನಿಗೆ ಇದೇನು ದೊಡ್ಡದು? ಆದರೆ ದವಾಖಾನೆ ಬಿಟ್ಟು ಕದಲುವಂತಿರಲಿಲ್ಲ. ಅವನು ದೇವಾಪುರದ ಹುಲಗಪ್ಪನಿಗೆ ಫೋನು ಹಚ್ಚಿದ.

ಹುಲಗಪ್ಪ ಗೌಂಡಿ, ಗೋಡೆ ಕಟ್ಟುವವನು, ನೆಲ ಹಾಸುವವನು. ಚಾಂದಪಾಶಾ ಪೈಪು ಇಳಿಸಿದ ಕಡೆ ಅವನು ನೆಲ ಮುಚ್ಚುವುದು, ಅವನು ನೆಲ ಅಗೆದ ಕಡೆ ಇವನು ಪೈಪು ಹಾಯಿಸುವುದು. ಮೀಸೆ ಮೂಡಿದಂದಿನಿಂದ ಇಬ್ಬರದೂ ಜೋಡಿ. ಕೆಂಭಾವಿಯ ಸಂತೆಯ ದಿನ ಒಂದೇ ತಟ್ಟೆಯ ಭಜಿ ತಿಂದವರು. ಹುಲಗಪ್ಪನ ಎಡಗಣ್ಣು ಹೋದದ್ದೂ ಈ ಜೋಡಿಯ ಕೆಲಸದಲ್ಲೇ. ಶಹಾಪುರದ ಒಂದು ಮನೆಯಲ್ಲಿ ಚಾಂದಪಾಶಾನ ಪೈಪು ಕೂಡಲೆಂದು ಗೋಡೆಗೆ ಕಾಲುವೆ ಹೊಡೆಯುವಾಗ ಕಲ್ಲಿನ ಚೂರು ಸಿಡಿದು ಕಣ್ಣಿಗೆ ನೆಟ್ಟಿತ್ತು. ಅವನು ಅದನ್ನು ಎಂದೂ ಬಾಯಿಬಿಟ್ಟು ಆಡಿದವನಲ್ಲ; ಇವನೂ ಕೇಳಿದವನಲ್ಲ.

"ಹುಲಗಪ್ಪಾ, ಆ ಕುಣಿ ಕಿತ್ತು ಒಗದು, ಕಮೋಡದ ಪೈಪ ಎಬ್ಬಿಸಿ ಕಾಲರು ಅಂಟಿಸಿ ಇಡು. ಕಾಲಿಗೆ ಹಿಡಿಯೂವಂಥ ಒರಟ ಟೈಲ್ಸ ಹಾಸಿಬಿಡು. ನಾ ಬಂದು ಕಮೋಡ ಕೂಡಸ್ತೀನಿ."

"ಕಾಲರು ಎಷ್ಟಕ್ಕ ಇಡಲಿ?"

ಅದೇ ಹೊತ್ತಿಗೆ ಒಳಗಿಂದ ಸ್ಟ್ರೆಚರು ಬಂತು, ಅದರ ಮೇಲೆ ಹಬೀಬಾ ನರಳುತ್ತಿದ್ದಳು. ಚಾಂದಪಾಶಾ ಅದರ ಹಿಂದೆ ಹೆಜ್ಜೆ ಹಾಕಿದ. "ಫರಶಿಗೆ ಬರಾಬರಿ ಇಡು, ಫರಶಿಗೆ ಬರಾಬರಿ," ಎಂದವನೇ ಫೋನು ಇಟ್ಟುಬಿಟ್ಟ.

ಕಾಲರೆಂದರೆ ನೆಲದಿಂದ ಎದ್ದ ಪೈಪಿನ ಬಾಯಿಗೆ ಕೂಡಿಸುವ ಅಗಲ ಅಂಚಿನ ಬಳೆ. ಅದು ಹಾಸಿ ಮುಗಿದ ನೆಲದ ಮೇಲೆ ಗಟ್ಟಿಯಾಗಿ ಕೂತಿರಬೇಕು. ಅದರ ಮೇಲೊಂದು ಮೇಣದ ಬಳೆ, ಮೇಣದ ಮೇಲೆ ಕಮೋಡಿನ ಕಾಲು. ಕಮೋಡಿನ ಭಾರಕ್ಕೆ ಮೇಣ ಹಿಸುಕಿ ಸಂದು ಮುಚ್ಚುತ್ತದೆ. ಕಾಲರು ತಗ್ಗಿಗಿಳಿದರೆ ಮೇಣ ಕಮೋಡಿಗೆ ಮುಟ್ಟುವುದಿಲ್ಲ. ಆಗ ಹೊಲಸು ನೀರು ಪೈಪಿಗೆ ಹೋಗುವ ಬದಲು ನೆಲದ ದಾರಿ ಹಿಡಿಯುತ್ತದೆ.

ಹಬೀಬಾಳನ್ನು ಮನೆಗೆ ಬಿಡುವ ಮುಂಜಾನೆ ಚಾಂದಪಾಶಾ ಎಲ್ಲರಿಗಿಂತ ಮುಂದೆ ಬಸ್ಸಿಗೆ ಬಂದ. ಪಾಯಖಾನೆಯ ಬಾಗಿಲು ತೆಗೆದರೆ ಟೈಲ್ಸು ಚೆಂದ ಕೂತಿದ್ದವು. ನಡುವೆ ಕಾಲರು ಮಾತ್ರ ತಗ್ಗಿನಲ್ಲಿ ಮುಖ ಮುಚ್ಚಿಕೊಂಡು ಕೂತಂತೆ ಕಂಡಿತು. ಬೆರಳು ಇಳಿಸಿ ನೋಡಿದ. ಮೂರು ಬೆರಳು ಅಡ್ಡಡ್ಡ ಒಳಗೆ ಹೋದವು.

ಹುಲಗಪ್ಪ ಅಂಗಳದಲ್ಲಿ ಗಾರೆ ಮೆತ್ತುವ ಥಾಪಿ ತೊಳೆಯುತ್ತಿದ್ದ.

"ಇದೇನ್ ಮಾಡಿಟ್ಟಿಯೋ ಹುಲಗ್ಯಾ? ಕಾಲರು ಬಾವ್ಯಾಗ ಇಳಿಸಿದಿ?"

"ನೀ ಹೇಳಿದಂಗ ಮಾಡೀನಿ."

"ನಾ ಹಿಂಗ ಹೇಳೀನೇನು?"

"ಪರಸಿಗಿ ಬರಾಬರಿ ಇಡು ಅಂದಿ, ಇಟ್ಟೀನಿ. ಕೈ ಹಾಕಿ ನೋಡು, ಹಳೀ ಪರಸಿಗಿ ಕೂದಲೆಳಿಯಷ್ಟು ಫರಕ ಇಲ್ಲ."

"ಅದರ ಮ್ಯಾಲ ಟೈಲ್ಸ ಬರ್ತಾವ ಅನ್ನೂದು ನಿನಗ ಗೊತ್ತಿರಲಿಲ್ಲೇನು?"

"ಕೇಳಬೇಕಂದೆ. ನೀ ಅಳೋ ದನ್ಯಾಗ ಮಾತಾಡಾಕತ್ತಿದ್ದಿ. ನಳದವನ ಲೆಕ್ಕ ನಳದವಗ ಗೊತ್ತು, ನಂದೇನದ ಅಂತ ಸುಮ್ಮನಾದೆ."

ಹೊರಗೆ ಗಾಡಿ ಬಂದ ಸಪ್ಪಳವಾಯಿತು. ಹಬೀಬಾ ಬಂದಿದ್ದಳು. ಮಗ ಅಕ್ರಮ ಅವಳನ್ನು ಇಳಿಸಲು ಓಣಿಯ ಹುಡುಗರನ್ನು ಕೂಗುತ್ತಿದ್ದ. ತಾನು ಕೊಟ್ಟ ಮಾತು ಅವಳು ಹೊಸ್ತಿಲು ದಾಟುವ ಮೊದಲೇ ಮುರಿದುಬಿತ್ತೆಂದು ಚಾಂದಪಾಶಾನಿಗೆ ನೆತ್ತಿ ಸುಟ್ಟಿತು. ನಾಲಗೆ ಹರಿಬಿಟ್ಟ.

"ಒಂದ ಕಣ್ಣಿಲೆ ಮಟ್ಟ ನೋಡಿದ್ರ ಹಿಂಗ ಆಗದ ಇನ್ನ್ಹೆಂಗ ಆಗತದ!"

ಆಡಿದ ಮಾತು ಅಂಗಳದ ತುಂಬ ನಿಂತಿತು. ಬಾಗಿಲಿಗೆ ಬಂದ ಅಕ್ರಮ ಅಲ್ಲೇ ತಡೆದ. ಹುಲಗಪ್ಪ ಥಾಪಿಯನ್ನು ಅರಿವೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದ, ಮಟ್ಟಗೋಲು ಕಂಕುಳಲ್ಲಿ ಸಿಕ್ಕಿಸಿದ.

"ಆತಪಾ. ಎರಡೂ ಕಣ್ಣಿದ್ದವನ್ನ ಕರಸು," ಎಂದು ಹಬೀಬಾಳ ಸ್ಟ್ರೆಚರಿಗೆ ದಾರಿ ಬಿಟ್ಟು ನಿಂತು, ಆಮೇಲೆ ಹೊರಟುಹೋದ.

ಆ ದಿನ ಚಾಂದಪಾಶಾ ತಾನೇ ಎಂದೂ ಒಪ್ಪದಂಥ ಕೆಲಸ ಮಾಡಿದ. ಒಂದು ಮೇಣದ ಬಳೆಯ ಮೇಲೆ ಇನ್ನೊಂದು ಕೂಡಿಸಿ, ಅದು ಸಾಲದೆಂದು ಮೇಲಷ್ಟು ಮೇಣ ಮೆತ್ತಿ, ಕಮೋಡು ಒತ್ತಿ ಕೂಡಿಸಿದ. ಸುತ್ತ ಬಿಳಿ ಸಿಮೆಂಟು ಬಳಿದು ಸಂದು ಕಾಣದಂತೆ ಮಾಡಿದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ, "ಗಾಯ ತೊಳೀದ ಪಟ್ಟಿ ಕಟ್ಟಿದಂಗಾತು" ಎಂದು ಬೈಯುತ್ತಿದ್ದವನೇ.

ಆದರೂ ಒಂದಷ್ಟು ದಿನ ಎಲ್ಲ ನೆಟ್ಟಗೆ ನಡೆಯಿತು. ಹಬೀಬಾ ಕಬ್ಬಿಣದ ವಾಕರು ಹಿಡಿದು ಟಕ್ ಟಕ್ ಎಂದು ಹೋಗುವಳು. ಬಾಗಿಲು ಹಾಕಿಕೊಳ್ಳುವಳು. ಒಳಗಿನಿಂದ ಚಿಲಕ ಸರಿಯುವ ಸಪ್ಪಳ ಬರುವುದು. ಆ ಸಪ್ಪಳ ಕೇಳಿದಾಗ ಹೊರಗೆ ಕೂತ ಚಾಂದಪಾಶಾ ಹಿಡಿದ ಉಸಿರು ಬಿಡುತ್ತಿದ್ದ. ಒಮ್ಮೆ ಅವಳು ಹೊರಬಂದು, ಕುರ್ಚಿಯ ಮೇಲೆ ಕೂತೇ ನಮಾಜು ಮುಗಿಸಿ, "ನಿಮ್ಮ ಕಮೋಡಿನ ಮ್ಯಾಲ ಕುಂತ್ರ ಸುರಪುರದ ರಾಣಿ ಆದಂಗ ಆಗತದ. ಅಂಬಾರಿ ಒಂದ ಕಡಿಮಿ," ಎಂದು ನಕ್ಕಳು. ಅವಳು ನಕ್ಕದ್ದು ಅದೇ ಕಡೆಯದೇನೋ.

ರಂಜಾನು ಮುಗಿದು ಬಿಸಿಲು ಬಲಿಯಿತು. ಯಾದಗಿರಿ ಸೀಮೆಯ ಬಿಸಿಲೆಂದರೆ ಗೋಡೆಯೂ ಬೆವರುವಂಥದ್ದು. ಪಾಯಖಾನೆಯ ತಗಡಿನ ಮಾಡು ಹಗಲೆಲ್ಲ ಹಂಚಿನಂತೆ ಕಾಯುತ್ತಿತ್ತು. ನೆಲದೊಳಗೆ ಒಂದರ ಮೇಲೊಂದು ಕೂಡಿಸಿದ ಮೇಣ ಕರಗಿ ಒಂದು ಬದಿಗೆ ಜಾರಿತು. ಆಧಾರ ತಪ್ಪಿದ ಕಮೋಡು ಅಲುಗಾಡತೊಡಗಿತು, ಸಿಮೆಂಟು ಸೀಳಿತು. ಸೀಳಿನಿಂದ ನೀರು ಒಸರಿತು. ಅಷ್ಟು ದಿನ ಸಿಮೆಂಟಿನ ಮರೆಯಲ್ಲಿ ಟೈಲ್ಸಿನಡಿಗೆ ಇಳಿದ ಹೊಲಸೂ ಅದರ ಜೊತೆ ನಾರತೊಡಗಿತು.

ಹಬೀಬಾ ಯಾರಿಗೂ ಹೇಳಲಿಲ್ಲ. ಅವಳ ಲಂಗದ ಅಂಚು ಒದ್ದೆಯಾಗಿದ್ದನ್ನು ಮೊದಲು ಕಂಡವಳು ಉಮೆಸಲ್ಮಾ. ಅಷ್ಟರಲ್ಲಿ ಅತ್ತೆ ನಮಾಜಿನ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಿದ್ದಳು. ಕೇಳಿದರೆ, "ಮೈ ಪಾಕಿಲ್ಲ," ಎಂದಳು, ಅಷ್ಟೇ.

ಚಾಂದಪಾಶಾ ಕಮೋಡು ಎತ್ತಿ ಹೊಸ ಮೇಣ ಹಾಕಿದ. ವಾರ ತಡೆಯಿತು. ಮತ್ತೆ ಎತ್ತಿದ, ಮತ್ತೆ ಹಾಕಿದ. ತಗ್ಗು ತಗ್ಗಾಗಿಯೇ ಇರುವಾಗ ಮೇಲಿನಿಂದ ಏನು ತುರುಕಿದರೂ ನಿಲ್ಲುವುದಿಲ್ಲವೆಂದು ಅವನ ಕೈಗೆ ಗೊತ್ತಿತ್ತು, ಅವನ ಮನಸ್ಸಿಗೆ ಮಾತ್ರ ಗೊತ್ತಾಗುವುದು ಬೇಕಿರಲಿಲ್ಲ. ಟೈಲ್ಸು ಒಡೆಯಬೇಕು, ಹಳೆಯ ಕಾಲರು ಕೊಯ್ದು ಪೈಪು ಎತ್ತರಿಸಬೇಕು, ಮೇಲೆ ಹೊಸ ಕಾಲರು ಅಲುಗದಂತೆ ಕೂಡಿಸಬೇಕು. ಅದಕ್ಕೆ ಗೌಂಡಿ ಬೇಕು. ಊರಲ್ಲಿ ಬೇರೆ ಗೌಂಡಿಗಳಿದ್ದರು. ಅವರನ್ನು ಕರೆದರೆ, "ಯಾಕ, ಹುಲಗಪ್ಪ ಎಲ್ಲಿ?" ಎಂದು ಕೇಳುತ್ತಾರೆ. ಅವನು ಯಾರನ್ನೂ ಕರೆಯಲಿಲ್ಲ.

ಕಾಲರಿನ ಮೇಲೆ ಕೂಡಿಸಿ ಎತ್ತರಿಸುವ ದಪ್ಪ ಬಳೆಗಳು ಬಂದಿವೆಯೆಂದು ಯಾರೋ ಹೇಳಿದರು. ಒಡೆಯದೆ ಕೆಲಸವಾಗುವುದಾದರೆ ಆಗಲೆಂದು ಸುರಪುರದ ಅಂಗಡಿ ಕೇಳಿದ, ಶಹಾಪುರದಲ್ಲಿ ಕೇಳಿದ. ಕೊನೆಗೆ ಯಾದಗಿರಿಯ ಸ್ಟೇಷನ್ ರೋಡಿನ ಶಹಬಾಜನ ಅಂಗಡಿಗೆ ಹೋದ. ಶಹಬಾಜ ಹಳೆಯ ಪರಿಚಯ, ಬಾಯಿ ಸುಮ್ಮನಿರದ ಮನುಷ್ಯ.

"ಬಳಿ ಬೇಕೇನ್ರಿ ಕಾಕಾ? ತಪ್ಪ ಓಣಿಗಿ ಬಂದೀರಿ. ಹಿಂದಿನ ಗಲ್ಲಿಗಿ ಹೋಗ್ರಿ, ಬಳಿಗಾರ್ರು ಅದಾರ. ಕಾಕಿಗಿ ಹಸರ ಬಳಿ ಭೇಷ ಒಪ್ಪತಾವ."

ಅಂಗಡಿಯ ಆಳುಗಳು ನಕ್ಕರು. ಚಾಂದಪಾಶಾ ನಗಲಿಲ್ಲ. ಶಹಬಾಜ ದನಿ ಇಳಿಸಿದ.

"ಇಲ್ರಿ ಕಾಕಾ, ಅಂಥ ಮಾಲು ನಮ್ಮ ಕಡೆ ಬರಂಗಿಲ್ಲ. ಹೈದರಾಬಾದಿಗೆ ಹೇಳಿದ್ರೂ ಯಾವಾಗ ಬರ್ತದೋ. ಎಷ್ಟು ತಗ್ಗದ?"

"ಮೂರ ಬೆರಳು."

"ಅಷ್ಟಕ್ಕ ಬಳಿಗಿಳಿ ಏನೂ ನಡಿಯಂಗಿಲ್ರಿ, ಒಡದು ಎತ್ತಬೇಕು. ನಿಮಗ ನಾ ಹೇಳಬೇಕೇನು? ಮನ್ಯಾಗ ಹುಲಗಪ್ಪನಂಥ ಗೌಂಡಿ ಇಟ್ಕೊಂಡು ಬಳಿ ಹುಡಕಾಕತ್ತೀರಲ್ಲ!"

ಬಸ್ಸಿನ ಕಿಟಕಿಗೆ ತಲೆ ಆನಿಸಿ ವಾಪಸು ಬರುವಾಗ ಶಹಾಪುರದ ಗುಡ್ಡ ಮನುಷ್ಯನಂತೆ ಮೈಚಾಚಿ ಮಲಗಿತ್ತು. ಚಾಂದಪಾಶಾ ಅದರ ಕಡೆ ನೋಡಲಿಲ್ಲ. ಮಲಗಿದ್ದು ಯಾವುದನ್ನು ಕಂಡರೂ ಆಗ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಅವನು ಬರಿಗೈಲಿ ಬಂದದ್ದನ್ನು ಹಬೀಬಾ ಹೊರಸಿನ ಮೇಲಿಂದ ನೋಡಿದಳು. ಆ ಸಂಜೆ ಅವನನ್ನು ಹತ್ತಿರ ಕರೆದು, ಫೋನಿನಲ್ಲಿ ಏನೆಂದಿರಿ, ಹುಲಗಪ್ಪ ಏನೆಂದ ಎಂದು ಕೇಳಿ ತಿಳಿದುಕೊಂಡು, ಮನೆಯ ದಖನಿ ಉರ್ದುವಿನಲ್ಲಿ ಹೇಳಿದಳು: "ತುಮೆ ಫರಶ್ ಬೋಲೇ. ಉನೆ ಪರಸಿ ಸುನ್ಯಾ."

ನೀವು ನೆಲ ಎಂದಿರಿ, ಅವನಿಗೆ ಕಲ್ಲೆಂದು ಕೇಳಿಸಿತು. ಅಷ್ಟೇ ಸಂಗತಿ. ಕೆಲಸದ ಮೇಲೆ ಚಾಂದಪಾಶಾ ಎಂದೂ ಹುಲಗಪ್ಪನ ಕೂಡ ಫರಶ್ ಎಂದವನಲ್ಲ, "ನೆಲ" ಎನ್ನುತ್ತಿದ್ದ. ಹಾಸಿ ಮುಗಿದ ನೆಲವೆಂದು ಅದರ ಅರ್ಥ, ಇಬ್ಬರ ಕಸುಬಿನ ಮಾತು. ಆ ದಿನ ಸ್ಟ್ರೆಚರಿನ ಮೇಲೆ ಹೆಂಡತಿಯ ನರಳಾಟ ಕೇಳಿದಾಗ ಬಾಯಿಗೆ ಬಂದದ್ದು ತಾಯಿ ಕಲಿಸಿದ ಮಾತು. ಆ ಕಡೆ ಕಲ್ಲಿನ ಕಸುಬಿನವನ ಕಿವಿಗೆ ಅದು ಪರಸಿಕಲ್ಲಾಗಿಯೇ ಹೊಕ್ಕಿತು. ಕಣ್ಣಿನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

"ಹೋಗಿ ಕರಕೊಂಡು ಬರ್ರಿ. ಹುಲಗಣ್ಣ ಮನಸಿನ್ಯಾಗ ಇಟ್ಕೊಳ್ಳಂವ ಅಲ್ಲ."

"ನಾಳೆ ನೋಡೂಣ," ಎಂದ ಚಾಂದಪಾಶಾ.

ಹೋಗಲಿಲ್ಲ. ದೇವಾಪುರವೇನು ಸಮುದ್ರದಾಚೆ ಇರಲಿಲ್ಲ, ಆಟೋ ಹತ್ತಿದರೆ ಬೀಡಿ ಸೇದಿ ಮುಗಿಯುವುದರಲ್ಲಿ ಬರುವ ಊರು. ಸ್ಟ್ಯಾಂಡಿನವರೆಗೆ ಹೋಗಿ ಬಂದ ದಿನವೂ ಇತ್ತು. ತಾನು ಏನು ಹೇಳಿ ಮುಖ ತೋರಿಸುವುದೆಂದು ತಿಳಿಯದೆ, ಚಹಾ ಕುಡಿದು ತಿರುಗಿ ಬಂದ.

ಇತ್ತ ಹಬೀಬಾ ತನ್ನ ದಾರಿ ತಾನು ಕಂಡುಕೊಂಡಿದ್ದಳು. ಹೊಲಸಿನಲ್ಲಿ ಕಾಲಿಡುವುದಕ್ಕಿಂತ ಹೋಗದಿರುವುದೇ ವಾಸಿ. ಹೋಗದಿರಬೇಕಾದರೆ ನೀರು ಕುಡಿಯಬಾರದು. ಆ ಬಿಸಿಲಿನಲ್ಲಿ ನಾಲಗೆ ನೆನೆಯುವಷ್ಟು ಮಾತ್ರ ಗುಟುಕರಿಸಿ ತಂಬಿಗೆ ಕೆಳಗಿಡುತ್ತಿದ್ದಳು. ಸೊಸೆ ಒತ್ತಾಯ ಮಾಡಿದರೆ, "ಕುಡದೀನವ್ವಾ, ಈಗಷ್ಟೇ ಕುಡದೆ," ಎನ್ನುವಳು. ತಂಬಿಗೆಯ ನೀರು ಹಾಗೇ ಇದ್ದುದನ್ನು ಸಂಜೆ ಉಮೆಸಲ್ಮಾ ಕರಿಬೇವಿನ ಗಿಡಕ್ಕೆ ಸುರಿಯುವಳು. ಊರಿಗೆಲ್ಲ ನೀರು ಹಾಯಿಸಿದವನ ಮನೆಯಲ್ಲಿ ಹೆಂಡತಿಯ ತುಟಿ ಒಡೆದಿತ್ತು. ಚಾಂದಪಾಶಾ ಅದನ್ನು ನೋಡಿದ; ಬಿಸಿಲಿಗೆ ಎಲ್ಲರ ತುಟಿಯೂ ಒಡೆಯುತ್ತದೆ ಎಂದುಕೊಂಡ.

ಒಂದು ಮಧ್ಯಾಹ್ನ ಹಬೀಬಾಳಿಗೆ ಚಳಿ ಹತ್ತಿತು. ಹೊರಗೆ ಬೆಂಕಿ ಸುರಿಯುವಾಗ ಅವಳು ಕೌದಿ ಕೇಳಿದಳು. ಸಂಜೆಯೊಳಗೆ ಮಾತು ತೊದಲಿತು, ಅಕ್ರಮನನ್ನು ಯಾರು ನೀನು ಎಂದಳು. ಮತ್ತೆ ಕಲಬುರಗಿ, ಮತ್ತೆ ಅದೇ ದವಾಖಾನೆಯ ಅದೇ ಮೊಗಸಾಲೆ. ನೀರಿಲ್ಲದೆ ಮೂತ್ರದಲ್ಲಿ ನಂಜಾಗಿ ಕಿಡ್ನಿಗೆ ಏರಿದೆ, ನಂಜು ರಕ್ತಕ್ಕೂ ಇಳಿದಿದೆ ಎಂದರು. "ನೀರು ಯಾಕ ಕುಡಿಸಿಲ್ಲ?" ಎಂದು ನರ್ಸಮ್ಮ ಗದರಿದಳು.

ಚಾಂದಪಾಶಾ ಸೊಸೆಯನ್ನು ಅಲ್ಲಿ ಕೂರಿಸಿ ಮೊದಲ ಬಸ್ಸಿಗೆ ತಿರುಗಿದ. ಸುರಪುರದಲ್ಲಿ ಇಳಿದವನು ಮನೆಗೆ ಹೋಗದೆ ನೇರ ದೇವಾಪುರಕ್ಕೆ ನಡೆದ. ಹುಲಗಪ್ಪ ಬೇವಿನ ನೆರಳಲ್ಲಿ ಕೂತು ಉಳಿ ಸಾಣೆ ಹಿಡಿಯುತ್ತಿದ್ದ. ಅವನ ಹೆಂಡತಿ ಮರಿಲಿಂಗಮ್ಮ ಬಂದವನನ್ನು ಕಂಡು, ಕೂಡ್ರಿ ಎಂದೂ ಅನ್ನದೆ, ಹೋಗ್ರಿ ಎಂದೂ ಅನ್ನದೆ, ಒಳಗಿಂದ ನೀರು ತಂದಿಟ್ಟಳು. ಚಾಂದಪಾಶಾ ತಂಬಿಗೆ ಮುಟ್ಟಲಾರದೆ ನಿಂತ.

"ನಾ ನೆಲ ಅನ್ನಬೇಕಾಗಿತ್ತು, ಹುಲಗಪ್ಪಾ."

ಹುಲಗಪ್ಪ ತಲೆ ಎತ್ತಲಿಲ್ಲ. "ನೀ ಏನಂದೀ ಅನ್ನೂದು ಬ್ಯಾರೆ. ನೆಲಾ ಅಂದ್ರೂ ಆಗತಿತ್ತು, ಮುಗಲು ಅಂದ್ರೂ ಆಗತಿತ್ತು. ಅದನ್ನ ಒಡದು ಮತ್ತ ಮಾಡಬಹುದು. ಇನ್ನೊಂದು ಮಾತು ಅಂದಿ."

"ಹೌದು."

"ಅದನ್ನ ಒಡದು ಮತ್ತ ಮಾಡಾಕ ಬರಂಗಿಲ್ಲ."

ಹುಲಗಪ್ಪ ಉಳಿಯನ್ನು ಮಗ್ಗುಲಿಗಿಟ್ಟು ಇನ್ನೊಂದು ಎತ್ತಿಕೊಂಡ. ಆಮೇಲೆ ಕೇಳಿದ: "ಹಬೀಬಕ್ಕ ಹ್ಯಾಂಗದಾಳ?"

ಚಾಂದಪಾಶಾ ಹೇಳಿದ. ನೀರು ಬಿಟ್ಟದ್ದನ್ನೂ ಹೇಳಿದ. ಹುಲಗಪ್ಪ ಉಳಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದ.

"ನಡಿ. ಆಕಿ ಸಲುವಾಗಿ ಬರಾಕತ್ತೇನಿ. ನಿನ್ನ ಸಲುವಾಗಿ ಅಲ್ಲ."

ಟೈಲ್ಸು ಒಡೆದರೆ ಕೆಳಗೆ ಕಪ್ಪಗೆ ನೆನೆದ ಉಸುಕು. ಅದನ್ನೆಲ್ಲ ಬಳಿದು ಹಾಕಿ, ಸುಣ್ಣ ಸುರಿದು, ಒಣಗಲು ಬಿಟ್ಟರು. ಚಾಂದಪಾಶಾ ಹಳೆಯ ಕಾಲರು ಗರಗಸದಿಂದ ಕೊಯ್ದು ತೆಗೆದು ಪೈಪಿಗೆ ತುಂಡು ಬೆಸೆದು ಎತ್ತರಿಸಿದ. ಅದರ ಸುತ್ತ ಕಾಲರಿಗೆ ಆಧಾರ ಬೇಕು. ಹುಲಗಪ್ಪ ಅದೇ ಪಾಯಖಾನೆಯ ಮೂಲೆಯಿಂದ ಒಂದು ಹಳೆಯ ಪರಸಿ ಕಿತ್ತು ಅಂಗಳಕ್ಕೆ ತಂದ. ಇದ್ದಲಿಯಿಂದ ಗುಂಡಗೆ ಗೆರೆ ಎಳೆದ. ಉಳಿ ಇಟ್ಟು ಮೊದಲ ಏಟು ಹಾಕುವಷ್ಟರಲ್ಲಿ ಚಾಂದಪಾಶಾ ಒಳಗಿಂದ ಬಂದು ಒಂದು ಪ್ಲಾಸ್ಟಿಕ್ ಚಸ್ಮಾ ಮುಂದೆ ಹಿಡಿದ, ಗರಗಸದ ಮಿಷಿನ್ನಿನವರು ಹಾಕಿಕೊಳ್ಳುವಂಥದ್ದು.

ಹುಲಗಪ್ಪ ಅದನ್ನು ನೋಡಿದ. ಒಳ್ಳೆಯ ಕಣ್ಣಿನಿಂದ ಅವನ ಮುಖವನ್ನೂ ನೋಡಿದ.

"ಈಗ ತಂದಿ?"

ಆದರೂ ಹಾಕಿಕೊಂಡ.

ಎರಡು ಬೆರಳು ದಪ್ಪದ ಕಲ್ಲಿನ ಬಳೆ ತಯಾರಾಯಿತು. ಅದರ ಕೆಳಗೆ ಒಂದು ಬೆರಳು ಸಿಮೆಂಟು. ಮೂರು ಬೆರಳಿನ ತಗ್ಗು ತುಂಬಿತು. ಕಲ್ಲಿನ ಮೇಲೆ ಹೊಸ ಕಾಲರು ಮೊಳೆ ತಿರುವಿ ಬಿಗಿದರು. ಒಂದೇ ಮೇಣದ ಬಳೆ ಸಾಕಾಯಿತು. ಸುತ್ತ ಸಂದು ಮುಚ್ಚುವಾಗ ಹಿಂದಿನ ಬದಿ ಮಾತ್ರ ತೆರೆದಿಟ್ಟರು, ಸೋರಿದರೆ ಮುಚ್ಚಿಟ್ಟುಕೊಳ್ಳದೆ ಹೊರಗೆ ಕಾಣಲೆಂದು. ಹುಲಗಪ್ಪ ಕಮೋಡಿನ ಮೇಲೆ ಧಡಕ್ಕನೆ ಕೂತು ಎಡಕ್ಕೆ ಬಲಕ್ಕೆ ಓಲಾಡಿದ. ಕದಲಲಿಲ್ಲ. ಕೈ ತೊಳೆದು, ಚಹಾ ಬೇಡವೆಂದು, ಚೀಲ ಹೆಗಲಿಗೇರಿಸಿದ. ಹೋಗುವಾಗ ಚಸ್ಮಾವನ್ನು ಕಟ್ಟೆಯ ಮೇಲೆ ಇಟ್ಟೇ ಹೋದ.

ಹಬೀಬಾ ಬದುಕಿ ಬಂದಳು. ಬಂದದ್ದು ಮಲಗಿಯೇ. ಅಷ್ಟು ದಿನದ ಜ್ವರದಲ್ಲಿ ಕಾಲು ಸೋತುಹೋಗಿದ್ದವು. ವಾಕರು ಹಿಡಿದರೆ ಕೈಯೂ ನಿಲ್ಲುತ್ತಿರಲಿಲ್ಲ. ಮೂತ್ರಕ್ಕೆ ಸಣ್ಣ ನಳಿಗೆ ಹಾಕಿ ಹೊರಸಿನ ಬದಿಗೆ ಚೀಲ ಕಟ್ಟಿದ್ದರು. ಯಾವಾಗ ತೆಗೆಯುತ್ತೀರೆಂದು ಕೇಳಿದ್ದಕ್ಕೆ ಡಾಕ್ಟರು ನೋಡೋಣ ಎಂದಿದ್ದರು. ಆ ನಳಿಗೆ ಎಲ್ಲೂ ಸೋರುತ್ತಿರಲಿಲ್ಲ. ಚಾಂದಪಾಶಾ ಅದರ ಕೂಡಿಕೆಯನ್ನು ದಿನವೂ ಬೆರಳಾಡಿಸಿ ನೋಡುತ್ತಿದ್ದ.

ಬೆಳಿಗ್ಗೆ ಚೀಲ ಬಿಚ್ಚಿ ಪಾಯಖಾನೆಗೆ ಒಯ್ದು ಕಮೋಡಿಗೆ ಸುರಿದು ನೀರು ಬಿಡುವುದು ಅವನ ಕೆಲಸವಾಯಿತು. ಅವಳು ಕೂರಲೆಂದು ಸರಿಮಾಡಿದ ಕಮೋಡಿನ ಮೇಲೆ ಹುಲಗಪ್ಪ ಕೂತು ನೋಡಿದ್ದ, ಅವಳು ಮಾತ್ರ ಕೂರಲಿಲ್ಲ. ಮೊದಲ ದಿನ ನೀರು ಇಳಿದ ಸಪ್ಪಳ ಕೇಳಿ ಹೊರಸಿನ ಮೇಲಿಂದ ಹಬೀಬಾ ಕೇಳಿದಳು:

"ಸೋರ್ತದೇನು?"

"ಇಲ್ಲ."

"ಅಲಗತದೇನು?"

"ಇಲ್ಲ. ಗುಡ್ಡ ಇದ್ದಂಗದ."

"ಹುಲಗಣ್ಣಗ ಊಟ ಹಾಕಿದ್ರೇನು?"

ಅವನು ಕಮೋಡಿಗೆ ಇನ್ನೊಮ್ಮೆ ನೀರು ಬಿಟ್ಟ.

ಅಷ್ಟರಲ್ಲಿ ಉಮೆಸಲ್ಮಾ ಬಿಸಿನೀರು, ಮೆತ್ತನೆಯ ಅರಿವೆ ತಂದು ಹೊರಸಿನ ಬಳಿ ಕೂತಳು. ಹೊಸದಾಗಿ ಕಲಿಯುವವಳು, ಎಲ್ಲಿಂದ ಹಿಡಿಯಬೇಕು, ಎಲ್ಲಿ ಬಟ್ಟೆ ಸರಿಸಬೇಕು ತಿಳಿಯದೆ ಕೈ ತಡವರಿಸಿತು. ಹಬೀಬಾ ಒಂದು ಗಳಿಗೆ ಕಣ್ಣು ಮುಚ್ಚಿದ್ದಳು. ಆಮೇಲೆ ಕಣ್ಣು ತೆರೆಯದೆಯೇ ತನ್ನ ಬಲಗೈಯನ್ನು ತಾನೇ ಎತ್ತಿಕೊಟ್ಟಳು.

"ಬಲಗಡೆಯಿಂದ ಶುರು ಮಾಡವ್ವಾ. ಚಾದರ ಸರಿಸಬ್ಯಾಡ, ಒಳಗ ಕೈ ಹಾಕಿ ತೊಳಿ. ಹಾಂ, ಹಂಗ."

ಬಾಗಿಲಲ್ಲಿ ಖಾಲಿ ಚೀಲ ಹಿಡಿದು ನಿಂತ ಚಾಂದಪಾಶಾ ಅಲ್ಲಿ ನಿಲ್ಲಲಾರದೆ ಹಿಂದಕ್ಕೆ ಸರಿದು ಪಾಯಖಾನೆಗೆ ಹೋದ. ಒಳಗಿನಿಂದ ಚಿಲಕ ಸರಿಸಿಕೊಂಡ. ಮೊಣಕಾಲೂರಿ ಕೂತು ಕಮೋಡಿನ ಬುಡದ ಸುತ್ತ ಅಂಗೈ ಆಡಿಸಿದ, ತೆರೆದಿಟ್ಟ ಹಿಂಬದಿಯ ಸಂದಿನಲ್ಲೂ ಬೆರಳಿಟ್ಟು ನೋಡಿದ. ಕೈ ಒಣಗಿಯೇ ಬಂತು.